ಮೊದಲು ದೋಣಿ ನಿಲ್ಲಿಸಿ, ಆಮೇಲೆ ಹಾಯಿ ಮಡಚಿ

ಅಡಿಕೆ ಕೊನೆ ತೆಗೆಯುವವರನ್ನು ಗಮನಿಸಿ. ಮರದ ತುದಿ ಮುಟ್ಟಿದ ಕೂಡಲೇ ಕತ್ತಿ ಬೀಸುವುದಿಲ್ಲ. ಮೊದಲು ಕಾಲು ಭದ್ರ ಮಾಡಿಕೊಳ್ಳುತ್ತಾರೆ, ಕೂರುವುದಕ್ಕೊಂದು ಆಸರೆ ಕಟ್ಟಿಕೊಳ್ಳುತ್ತಾರೆ, ಎರಡೂ ಕೈ ಬಿಡುವಾದ ಮೇಲೆ ಕತ್ತಿಗೆ ಕೈ ಹಾಕುತ್ತಾರೆ. ಶರಾವತಿ ಹಿನ್ನೀರಿನಲ್ಲಿ ಚಿಕ್ಕ ಹಾಯಿದೋಣಿಯನ್ನು ಒಬ್ಬರೇ ನಡೆಸುವವರಿಗೆ ಗಾಳಿ ಜೋರಾದಾಗ ಇರಬೇಕಾದ ಕ್ರಮವೂ ಇದೇ. ಹಾಯಿಯನ್ನು ಮಡಚಿ ಚಿಕ್ಕದು ಮಾಡುವುದು ರೀಫ್ ಹಾಕುವುದು. ದೋಣಿಯನ್ನು ಗಾಳಿಯಲ್ಲೇ ತಡೆದು ಒಂದೆಡೆ ನಿಲ್ಲಿಸಿಕೊಳ್ಳುವುದು ಹೀವ್ ಟು. ಕಲಿಸುವವರು ಇವೆರಡನ್ನೂ ಬೇರೆ ಬೇರೆ ದಿನ ಹೇಳಿಕೊಡುತ್ತಾರೆ. ಇಬ್ಬರಿದ್ದರೆ ಅದು ಸರಿಯೇ, ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ಹಾಯಿ ಮಡಚಬಹುದು. ಒಬ್ಬರೇ ಇದ್ದಾಗ ಇವು ಎರಡು ಕೆಲಸ ಅಲ್ಲ. ನಿಲ್ಲಿಸಲು ಬಾರದವರಿಗೆ ಮಡಚಲೂ ಬರುವುದಿಲ್ಲ.

ಇಲ್ಲಿ ಹೇಳುತ್ತಿರುವುದು ಹದಿನಾಲ್ಕರಿಂದ ಹದಿನಾರು ಅಡಿಯ, ಮೇಲೆ ಮುಚ್ಚಿಲ್ಲದ, ತಳದಿಂದ ನೀರಿಗೆ ಇಳಿಸುವ ಹಲಗೆ, ಅಂದರೆ ಸೆಂಟರ್‌ಬೋರ್ಡ್ ಇರುವ ದೋಣಿಯ ಬಗ್ಗೆ. ಹಿಂದೆ ದೊಡ್ಡ ಹಾಯಿ, ಅಂದರೆ ಮೇನ್. ಮುಂದೆ ಚಿಕ್ಕದು, ಜಿಬ್. ವೇಫೇರರ್ ಎಂಬ 4.82 ಮೀಟರಿನ ದೋಣಿ ಈ ಜಾತಿಯದೇ. ಇಂಗ್ಲೆಂಡಿನ ಫ್ರಾಂಕ್ ಡೈ ಅದರಲ್ಲಿ 1963ರಲ್ಲಿ ಐಸ್‌ಲ್ಯಾಂಡಿಗೆ, 1964ರಲ್ಲಿ ನಾರ್ವೆಗೆ ಹೋದರು. ನಮಗೆ ಐಸ್‌ಲ್ಯಾಂಡ್ ಬೇಡ, ಆಚೆ ದಡ ಸಿಕ್ಕರೆ ಸಾಕು. ಆದರೆ ಆಚೆ ದಡ ಕಾಣುತ್ತಿದೆ ಅನ್ನುವ ಒಂದೇ ಕಾರಣಕ್ಕೆ ಹಿನ್ನೀರನ್ನು ಕೆರೆ ಎಂದುಕೊಳ್ಳಬಾರದು.

ಈ ಹಿನ್ನೀರನ್ನು ಹಿಡಿದಿರುವ ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಅಣೆಕಟ್ಟು ಆದದ್ದು 1964ರಲ್ಲಿ. ಅಂದು ಮುಳುಗಿದ ಕಾಡಿನ ಮರಗಳು ಇಂದಿಗೂ ನಿಂತಿವೆ, ಕೆಲವು ನೀರಿನ ಮೇಲೆ ಕರ್ರಗೆ ಕಾಣುವಂತೆ, ಇನ್ನು ಕೆಲವು ನೀರಿನ ಕೆಳಗೆ ಒಂದು ಗೇಣಿನಲ್ಲಿ. ಕಾಣುವ ಮರಕ್ಕೆ ಹೆದರಬೇಕಿಲ್ಲ. ಮಳೆಗಾಲ ಮುಗಿದು ನೀರು ತುಂಬಿರುವಾಗ ದೋಣಿ ಸರಾಗ ಹೋದ ದಾರಿಯಲ್ಲೇ ಏಪ್ರಿಲ್ ಹೊತ್ತಿಗೆ ಬೊಡ್ಡೆಗಳು ತಲೆ ಎತ್ತಿರುತ್ತವೆ. ನೀರು ತೀರಾ ಇಳಿದ ವರ್ಷ ಮಡೆನೂರಿನ ಹಳೇ ಹಿರೇಭಾಸ್ಕರ ಅಣೆಕಟ್ಟೇ ಹೊರಬರುತ್ತದೆ ಎಂದ ಮೇಲೆ ಬೊಡ್ಡೆಯ ಮಾತೇನು. ಹಾಗಾಗಿ ಹೋದ ಸಲದ ನೆನಪನ್ನು ನಂಬಿಕೊಂಡು ದೋಣಿ ನಿಲ್ಲಿಸಬೇಡಿ. ಅಣೆಕಟ್ಟಿನ ಮಟ್ಟ ದಿನಾ ಪತ್ರಿಕೆಯಲ್ಲಿ ಬರುತ್ತದೆ. ಹೊರಡುವ ದಿನದ ಅಂಕಿ ಬರೆದಿಟ್ಟುಕೊಂಡು, ಯಾವ ಮಟ್ಟದಲ್ಲಿ ಯಾವ ಬೊಡ್ಡೆ ಕಂಡಿತು ಎಂದು ಗುರುತು ಹಾಕುತ್ತ ಹೋದರೆ ಎರಡು ವರ್ಷದಲ್ಲಿ ನಿಮ್ಮದೇ ಒಂದು ನಕ್ಷೆ ಆಗುತ್ತದೆ. (ಅನುಮತಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ: ಜಲಾಶಯ ವಿದ್ಯುತ್ ನಿಗಮದ್ದು, ಸುತ್ತಲ ಕಾಡಿನ ಒಂದಷ್ಟು ಭಾಗ ಅಭಯಾರಣ್ಯ. ಕೇಳಿಕೊಂಡೇ ಇಳಿಯಿರಿ.)

ಈಗ ಲೆಕ್ಕ. ಹೀವ್ ಟು ಮಾಡಿದ ದೋಣಿ ಕಂಬಕ್ಕೆ ಕಟ್ಟಿದ ದನದ ಹಾಗೆ ನಿಲ್ಲುವುದಿಲ್ಲ, ಗಾಳಿ ಹೋಗುವ ಕಡೆಗೆ ನಿಧಾನ ಜಾರುತ್ತಿರುತ್ತದೆ. ಹಗುರ ದೋಣಿ, ಜೋರು ಗಾಳಿ ಅಂದರೆ ಒಂದು ನಾಟ್ ಎಂದಿಟ್ಟುಕೊಳ್ಳಿ. ಗಂಟೆಗೆ 1852 ಮೀಟರ್, ನಿಮಿಷಕ್ಕೆ ಸುಮಾರು ಮೂವತ್ತು ಮೀಟರ್. ಕೈ ಪಳಗಿದವರಿಗೆ ಒಂದು ರೀಫ್ ಹಾಕಲು ನಾಲ್ಕು ನಿಮಿಷ ಬೇಕು, ಅಂದರೆ 120 ಮೀಟರ್. ಒಂದು ಹಗ್ಗ ಸಿಕ್ಕಿಕೊಂಡರೆ ಎಂಟು ನಿಮಿಷ. ಆದ್ದರಿಂದ ಗಾಳಿಯ ಕೆಳಗಿನ ಕಡೆ, ಅಂದರೆ ಗಾಳಿ ಹೋಗುವ ಕಡೆ, ಕಡಿಮೆ ಎಂದರೂ 300 ಮೀಟರ್ ಖಾಲಿ ನೀರು ಇರಬೇಕು: ಬೊಡ್ಡೆ ಇಲ್ಲದ, ಬಲೆ ಇಲ್ಲದ, ನಡುಗಡ್ಡೆ ಇಲ್ಲದ ನೀರು. ಸಮುದ್ರದಲ್ಲಿ ಹೋಗುವವರಿಗೆ ಇದು ಯೋಚನೆಯೇ ಅಲ್ಲ, ಅವರಿಗೆ ಕೆಳಗೆ ಮೈಲುಗಟ್ಟಲೆ ಜಾಗ. ನಮ್ಮಲ್ಲಿ ಕಷ್ಟ ಇರುವುದೇ ಇಲ್ಲಿ. ಎರಡು ನಡುಗಡ್ಡೆಗಳ ನಡುವಿನ ಕಿರಿದು ಜಾಗದಲ್ಲಿ ಗಾಳಿ ಹಿಂಡಿಕೊಂಡು ಬಂದು ಇನ್ನಷ್ಟು ಜೋರಾಗುತ್ತದೆ. ಹಾಯಿ ಚಿಕ್ಕದು ಮಾಡಬೇಕು ಅನ್ನಿಸುವುದು ಅಲ್ಲಿಯೇ, ನಿಲ್ಲಿಸಲು ಜಾಗ ಇಲ್ಲದಿರುವುದೂ ಅಲ್ಲಿಯೇ. ಆ ಕಿರಿದಿಗೆ ಹೋಗುವ ಮೊದಲೇ, ಅಗಲ ನೀರಿನಲ್ಲಿ, ಇನ್ನೂ ಅಗತ್ಯವಿಲ್ಲ ಅನ್ನಿಸುವಾಗಲೇ ರೀಫ್ ಹಾಕಿಬಿಡಬೇಕು.

ಯಾವಾಗ ಎನ್ನುವುದಕ್ಕೆ ಗಾಳಿಮಾಪಕ ಬೇಕಾಗಿಲ್ಲ. ಬ್ಯೂಫೋರ್ಟ್ ಅಳತೆಯಲ್ಲಿ ನಾಲ್ಕು, ಅಂದರೆ ಗಂಟೆಗೆ 20ರಿಂದ 28 ಕಿಲೋಮೀಟರ್ ಗಾಳಿ, ಒಬ್ಬರೇ ಇರುವ ದೋಣಿಗೆ ಮೊದಲ ರೀಫಿನ ಹೊತ್ತು. ಅದೇ ದೋಣಿಯಲ್ಲಿ ಇಬ್ಬರಿದ್ದರೆ ಪೂರ್ತಿ ಹಾಯಿಯಲ್ಲೇ ನಗುತ್ತ ಹೋಗುತ್ತಾರೆ. ಕಾರಣ ಜಾಣತನವಲ್ಲ, ತೂಕ. ದೋಣಿ ವಾಲದಂತೆ ಅಂಚಿನಲ್ಲಿ ಕೂತು ತಡೆಯುವುದು 140 ಕಿಲೋ ಆದರೆ ಒಂದು ಮಾತು, 70 ಕಿಲೋ ಆದರೆ ಇನ್ನೊಂದು ಮಾತು. ಗಾಳಿಯ ಒತ್ತಡ ವೇಗದ ವರ್ಗದ ಪ್ರಕಾರ ಏರುತ್ತದೆ. ಹತ್ತು ನಾಟ್ ಇದ್ದದ್ದು ಹದಿನೈದು ಆದರೆ ಒತ್ತಡ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು.

ನೀರಿನ ಮೇಲೆ ಬಿಳಿ ನೊರೆ ಕಂಡಾಗ ರೀಫ್ ಹಾಕಿ ಎಂಬುದು ಕಡಲಿನವರ ಮಾತು. ಹಿನ್ನೀರಿನಲ್ಲಿ ಅದನ್ನು ನೆಚ್ಚಿಕೊಂಡರೆ ತಡವಾಗುತ್ತದೆ. ಅಲೆ ಎದ್ದು ನೊರೆ ಒಡೆಯಲು ಗಾಳಿಗೆ ಓಡುವ ಜಾಗ ಬೇಕು. ಗುಡ್ಡದ ಬುಡದಿಂದ ಅರ್ಧ ಕಿಲೋಮೀಟರಿನಲ್ಲಿ ನೀವಿದ್ದರೆ ಗಾಳಿ ಸಾಕಷ್ಟು ಜೋರಿದ್ದರೂ ನೀರು ಬರೀ ಕಪ್ಪಗೆ ಸುಕ್ಕುಗಟ್ಟಿರುತ್ತದೆ. ಅದಕ್ಕಿಂತ ಟಿಲ್ಲರ್, ಅಂದರೆ ಚುಕ್ಕಾಣಿಯ ಹಿಡಿ, ಹೇಳುವ ಮಾತು ಕೇಳಿ. ದೋಣಿಯ ಮೂತಿ ಗಾಳಿಯ ಕಡೆಗೇ ಎಳೆಯುತ್ತ, ನೇರ ಹೋಗಲು ಟಿಲ್ಲರನ್ನು ಸದಾ ಒಂದು ಗೇಣು ಎಳೆದು ಹಿಡಿಯಬೇಕಾಗಿ ಬಂದರೆ ಹಾಯಿ ಹೆಚ್ಚಾಗಿದೆ. ಪ್ರತಿ ಬೀಸಿಗೂ ಮೇನ್ ಎಳೆದು ಹಿಡಿಯುವ ಹಗ್ಗವಾದ ಮೇನ್‌ಶೀಟ್ ಬಿಡಬೇಕಾಗಿ ಬಂದು, ಮೇನ್ ತುಂಬಿರುವುದಕ್ಕಿಂತ ಪಟಪಟ ಅನ್ನುವುದೇ ಹೆಚ್ಚಾದರೆ, ಆ ಪಟಪಟ ಅನ್ನುವ ಭಾಗ ನಿಮಗೆ ಬೇಡದ್ದು. ಅದನ್ನು ಮಡಚಿಡಿ. ವೇಗ ಹೋಗುತ್ತದೆ ಎಂಬ ಭಯ ಬೇಡ. ಬಹಳ ವಾಲಿದ ದೋಣಿ ಪಕ್ಕಕ್ಕೆ ಜಾರುತ್ತದೆಯೇ ಹೊರತು ಮುಂದಕ್ಕೆ ಹೋಗುವುದಿಲ್ಲ.

ಗಾಳಿ ಬೆನ್ನಿಗಿದ್ದಾಗ ಮೋಸ ಇನ್ನೂ ಹೆಚ್ಚು. ಗಾಳಿ ಗಂಟೆಗೆ 22 ಕಿಲೋಮೀಟರ್ ಇದೆ, ದೋಣಿ ಅದರ ಜೊತೆ 8ರಲ್ಲಿ ಓಡುತ್ತಿದೆ ಅನ್ನಿ. ಮುಖಕ್ಕೆ ಸಿಗುವ ಗಾಳಿ ಬರೀ 14. ಹಿತವಾಗಿರುತ್ತದೆ, ಕಣ್ಣು ಮುಚ್ಚಬೇಕು ಅನ್ನಿಸುತ್ತದೆ. ತಿರುಗಿ ಗಾಳಿಗೆದುರು ಏರಲು ಹೊರಟ ಕ್ಷಣ ಅದೇ ಗಾಳಿ 27ರಂತೆ ಸಿಗುತ್ತದೆ, ಒತ್ತಡ ಹತ್ತಿರ ಹತ್ತಿರ ನಾಲ್ಕು ಪಟ್ಟು. ಬೇಸಿಗೆಯ ಮಧ್ಯಾಹ್ನ ಪಡುವಣ ಗಾಳಿ ಏಳುತ್ತದಲ್ಲ, ಅದರ ಜೊತೆ ಮೂಡಲಿಗೆ ಓಡಿದವರಿಗೆ ವಾಪಸಾಗುವಾಗ ಆಗುವುದು ಇದೇ. ತಿರುಗುವ ಮೊದಲೇ ಹಾಯಿ ಮಡಚಿ. ಹೊರಡುವಾಗಲೇ ಅನುಮಾನ ಇದ್ದರೆ ದಡದಲ್ಲೇ ಮಡಚಿಕೊಂಡು ಹೊರಡಿ. ಮಡಚಿದ್ದನ್ನು ನೀರಿನಲ್ಲಿ ಬಿಚ್ಚುವುದು ಸುಲಭ, ಬಿಚ್ಚಿದ್ದನ್ನು ನೀರಿನಲ್ಲಿ ಮಡಚುವುದಕ್ಕೇ ಇಷ್ಟೆಲ್ಲ ಪುರಾಣ.

ದೋಣಿಯ ಮೇಲೆ ಮೊದಲೇ ಮಾಡಿಡಬೇಕಾದದ್ದು ಸ್ವಲ್ಪ ಇದೆ, ಮತ್ತು ಅರ್ಧ ತೊಂದರೆ ಹುಟ್ಟುವುದು ಇದನ್ನು ಮಾಡದೆ ಹೋದದ್ದರಿಂದ. ಮೇನಿನಲ್ಲಿ ರೀಫಿಗೆಂದೇ ಮುಂದಿನ ಅಂಚಿನಲ್ಲಿ ಒಂದು ಕಣ್ಣು, ಹಿಂದಿನ ಅಂಚಿನಲ್ಲಿ ಒಂದು ಕಣ್ಣು ಹೊಲಿದಿರುತ್ತಾರೆ. ಎರಡೂ ಕಣ್ಣಿಗೆ ಬಟ್ಟೆ ಮೂರ್ನಾಲ್ಕು ಪದರ ಇರಬೇಕು. ಅವುಗಳ ನಡುವೆ ಸಾಲಾಗಿ ಚಿಕ್ಕ ತೂತುಗಳು, ಅದರಲ್ಲಿ ಸಣ್ಣ ದಾರಗಳು. ಮುಂದಿನ ಕಣ್ಣು ಬೂಮ್, ಅಂದರೆ ಹಾಯಿಯ ಕೆಳ ಅಂಚು ಹಿಡಿಯುವ ಅಡ್ಡ ಕೋಲು, ಕಂಬಕ್ಕೆ ಸೇರುವ ಕಡೆಯ ಕೊಕ್ಕೆಗೆ ಸಿಕ್ಕಿಸುವಂಥದ್ದು. ಹಿಂದಿನ ಕಣ್ಣಿಗೆ ಐದು ಅಥವಾ ಆರು ಮಿಲಿಮೀಟರಿನ ಹೆಣೆದ ಪಾಲಿಯೆಸ್ಟರ್ ಹಗ್ಗ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ನೀಲಿ, ಹಸಿರು ಪ್ಲಾಸ್ಟಿಕ್ ಹಗ್ಗ ಬೇಡ. ನೀರಲ್ಲಿ ತೇಲುತ್ತದೆ ಅನ್ನುವುದೊಂದೇ ಅದರ ಗುಣ, ಗಂಟು ಜಾರುತ್ತದೆ, ಒಂದು ಬೇಸಿಗೆ ಬಿಸಿಲಿಗೆ ಪುಡಿ ಪುಡಿ.

ಈ ಹಿಂದಿನ ಹಗ್ಗದ ದಾರಿ ಒಬ್ಬರೇ ಹೋಗುವವರಿಗೆ ಎಲ್ಲಕ್ಕಿಂತ ಮುಖ್ಯ, ಅದಕ್ಕೇ ಬಿಡಿಸಿ ಹೇಳುತ್ತೇನೆ. ರೀಫ್ ಹಾಕುವಾಗ ಮೇನ್‌ಶೀಟ್ ಪೂರ್ತಿ ಸಡಿಲ ಬಿಟ್ಟಿರುತ್ತೀರಿ. ಬೂಮಿನ ಹಿಂದಿನ ತುದಿ ದೋಣಿಯ ಹೊರಗೆ, ನೀರಿನ ಮೇಲೆ ತೂಗಾಡುತ್ತಿರುತ್ತದೆ. ಹಿಂದಿನ ಕಣ್ಣು ಇರುವುದೂ ಅಲ್ಲಿಯೇ. ಅದನ್ನು ಕೈಯಿಂದ ಹಿಡಿದು ಕಟ್ಟಲು ಹೊರಗೆ ಬಾಗಿದಿರೋ, ನಿಮ್ಮ ತೂಕವೆಲ್ಲ ಕೆಳಗಿನ ಅಂಚಿಗೆ ಬಿದ್ದು ದೋಣಿ ಮಗುಚುತ್ತದೆ. ಆದ್ದರಿಂದ ಹಗ್ಗದ ಒಂದು ತುದಿಯನ್ನು ಬೂಮಿಗೆ ಕಟ್ಟಿ, ಮೇಲೆ ಕಣ್ಣಿನೊಳಗೆ ತೂರಿಸಿ, ಮತ್ತೆ ಕೆಳಗೆ ಬೂಮಿನ ಆಚೆ ಮಗ್ಗುಲಿನ ರಾಟೆಗೆ ತಂದು, ಅಲ್ಲಿಂದ ಬೂಮಿನುದ್ದಕ್ಕೂ ಮುಂದಕ್ಕೆ ಒಯ್ದು ಕಂಬದಿಂದ ಎರಡಡಿ ಈಚೆ ಹಗ್ಗ ಸಿಕ್ಕಿಸಿ ನಿಲ್ಲಿಸುವ ಒಂದು ಕ್ಲೀಟಿಗೆ ತರಬೇಕು. ಆಗ ದೋಣಿಯ ನಡುವೆ ಮಂಡಿಯೂರಿ ಕೂತು ಎಳೆದರೆ ಆಚೆ ತುದಿಯ ಕಣ್ಣು ತಾನೇ ಬೂಮಿಗೆ ಬಂದು ಕೂರುತ್ತದೆ. ರಾಟೆ ಎಲ್ಲಿರಬೇಕು? ಮಡಚಿದ ಮೇಲೆ ಕಣ್ಣು ಬೂಮಿನ ಯಾವ ಜಾಗಕ್ಕೆ ಬರುತ್ತದೋ ಅದಕ್ಕಿಂತ ನಾಲ್ಕು ಬೆರಳು ಹಿಂದೆ. ಹಾಗಿದ್ದರೆ ಹಗ್ಗ ಕಣ್ಣನ್ನು ಕೆಳಕ್ಕೂ ಎಳೆಯುತ್ತದೆ, ಹಿಂದಕ್ಕೂ ಎಳೆಯುತ್ತದೆ. ನೇರ ಕೆಳಗೇ ಇಟ್ಟರೆ ಹಿಂದಕ್ಕೆ ಎಳೆತ ಸಿಗದೆ ಹಾಯಿಗೆ ಹೊಟ್ಟೆ ಬರುತ್ತದೆ. ಹೊಟ್ಟೆ ಬಂದ ಹಾಯಿ ಚಿಕ್ಕದಾದರೂ ದೋಣಿಯನ್ನು ಮೊದಲಿನಷ್ಟೇ ವಾಲಿಸುತ್ತದೆ. ರೀಫ್ ಹಾಕಿದೆ, ಏನೂ ಪ್ರಯೋಜನ ಆಗಲಿಲ್ಲ ಮಾರಾಯ್ರೆ ಎನ್ನುವವರ ದೋಣಿಯಲ್ಲಿ ಮೊದಲು ನೋಡಬೇಕಾದ ಜಾಗ ಇದು.

ಇನ್ನೆರಡು ಸಣ್ಣ ಕೆಲಸ. ಹಾಯಿ ಏರಿಸುವ ಹಗ್ಗ ಹ್ಯಾಲ್ಯಾರ್ಡಿಗೆ, ಮುಂದಿನ ಕಣ್ಣು ಕೊಕ್ಕೆಗೆ ಸರಿಯಾಗಿ ಬರುವಷ್ಟು ಇಳಿಸಿದಾಗ ಕ್ಲೀಟಿನ ಹತ್ತಿರ ಬರುವ ಜಾಗದಲ್ಲಿ ಕೆಂಪು ದಾರ ಸುತ್ತಿ ಹೊಲಿದಿಡಿ. ಗಾಳಿಯಲ್ಲಿ ಎಷ್ಟು ಇಳಿಸಬೇಕೆಂದು ತಲೆ ಎತ್ತಿ ನೋಡುತ್ತ ಕೂರುವುದು ತಪ್ಪುತ್ತದೆ. ಟಿಲ್ಲರ್ ಕಟ್ಟಿಡಲು ಹಳೇ ಸೈಕಲ್ ಟ್ಯೂಬನ್ನು ಎರಡು ಬೆರಳಗಲ ಸೀಳಿ ಒಂದೂವರೆ ಮೊಳದ ಎರಡು ಪಟ್ಟಿ ಮಾಡಿ, ದೋಣಿಯ ಎರಡೂ ಬದಿಗೆ ಒಂದೊಂದು ಕಟ್ಟಿಡಿ. ಬೈಕಿನ ಹಿಂದೆ ಲಗೇಜು ಬಿಗಿಯುವ ಕೊಕ್ಕೆಯ ರಬ್ಬರ್ ಹಗ್ಗಕ್ಕಿಂತ ಇದು ಮೇಲು. ಕೊಕ್ಕೆ ಕಳಚಿದರೆ ಕಣ್ಣಿಗೇ ಬರುತ್ತದೆ. ಟ್ಯೂಬ್ ಸ್ವಲ್ಪ ಎಳೆದುಕೊಳ್ಳುತ್ತದೆ, ಹಾಗಾಗಿ ಅಲೆ ಬಡಿದಾಗ ಚುಕ್ಕಾಣಿಯ ಮೇಲೆ ಏಟು ಬೀಳುವುದಿಲ್ಲ.

ಈಗ ನಿಲ್ಲಿಸುವುದು.

ಹೀವ್ ಟು ಅಂದರೆ ಎರಡು ಹಾಯಿಗಳು ಒಂದಕ್ಕೊಂದು ಎದುರಾಗಿ ಜಗಳವಾಡುವಂತೆ ಮಾಡಿ, ನಾವು ನಡುವೆ ಸುಮ್ಮನೆ ಕೂರುವುದು. ಜಿಬ್ ತಿರುವುಮುರುವಾಗಿ ಗಾಳಿ ಹಿಡಿದು ಮೂತಿಯನ್ನು ಗಾಳಿಯಿಂದ ಆಚೆಗೆ ತಳ್ಳುತ್ತದೆ. ಮೇನೂ ಚುಕ್ಕಾಣಿಯೂ ಮೂತಿಯನ್ನು ಗಾಳಿಯ ಕಡೆಗೆ ತಿರುಗಿಸುತ್ತವೆ. ಎರಡೂ ಸಮವಾದಾಗ ದೋಣಿ ಗಾಳಿಗೆ 45ರಿಂದ 60 ಡಿಗ್ರಿ ಓರೆಯಾಗಿ ನಿಂತು, ಮೆಲ್ಲಗೆ ಪಕ್ಕಕ್ಕೆ ಜಾರುತ್ತದೆ. ಅಲ್ಲಿಯವರೆಗೆ ಇದ್ದ ಗದ್ದಲ, ಎರಚಲು, ವಾಲಾಟ ಎಲ್ಲ ಒಮ್ಮೆಗೇ ತಣ್ಣಗಾಗುತ್ತದೆ.

ಮಾಡುವ ಬಗೆ: ಗಾಳಿ ಎಡಗಡೆಯಿಂದ ಬರುವಂತೆ ಗಾಳಿಗೆ ಆದಷ್ಟು ಹತ್ತಿರ ಹೋಗುತ್ತಿರಿ. ಸುತ್ತ ನೋಡಿ, ಕೆಳಗಿನ 300 ಮೀಟರ್ ನೋಡಿ. ಸೆಂಟರ್‌ಬೋರ್ಡ್ ಪೂರ್ತಿ ಕೆಳಗಿರಲಿ. ನಿಧಾನವಾಗಿ ತಿರುಗಿಸಿ, ಮೂತಿ ಗಾಳಿಯನ್ನು ದಾಟಿ ಗಾಳಿ ಬಲಗಡೆಗೆ ಬರಲಿ. ಎಂದಿನಂತೆ ಜಿಬ್‌ಶೀಟ್ ಬಿಟ್ಟು ಆಚೆ ಬದಿಗೆ ಎಳೆಯುವ ಅಭ್ಯಾಸ ಕೈಯಲ್ಲಿರುತ್ತದೆ. ಅದನ್ನು ಮಾಡಬೇಡಿ, ಜಿಬ್ ಇದ್ದ ಹಾಗೇ ಇರಲಿ. ಮೇನ್‌ಶೀಟ್ ಸಡಿಲಿಸಿ. ದೋಣಿಯ ಓಟ ಪೂರ್ತಿ ಸತ್ತ ಮೇಲೆ ಟಿಲ್ಲರನ್ನು ಗಾಳಿ ಹೋಗುವ ಕಡೆಗೆ, ಅಂದರೆ ಬೂಮ್ ಇರುವ ಕಡೆಗೆ ತಳ್ಳಿ ಟ್ಯೂಬಿನಿಂದ ಕಟ್ಟಿ. ಓಟ ಸಾಯುವ ಮೊದಲೇ ತಳ್ಳಿದರೆ ದೋಣಿ ಮತ್ತೆ ಗಾಳಿಯನ್ನು ದಾಟಿ ಗಿರಕಿ ಹೊಡೆಯುತ್ತದೆ. ಹೊಸಬರ ಕೈಯಲ್ಲಿ ಹೀವ್ ಟು ನಿಲ್ಲದಿರುವುದಕ್ಕೆ ಬಹುತೇಕ ಈ ಅವಸರವೇ ಕಾರಣ. ಹತ್ತು ಎಣಿಸಿ ಆಮೇಲೆ ತಳ್ಳಿ.

ನಿಂತ ಮೇಲೂ ಒಂದು ನಿಮಿಷ ನೋಡಬೇಕು. ಮೂತಿ ಗಾಳಿಯ ಕಡೆ ಏರೇರಿ ಬರುತ್ತಿದ್ದರೆ ಮೇನ್ ಇನ್ನಷ್ಟು ಬಿಡಿ, ಸಾಲದಿದ್ದರೆ ಟಿಲ್ಲರನ್ನು ಸ್ವಲ್ಪ ನಡುವಿಗೆ ತನ್ನಿ. ಮೂತಿ ಗಾಳಿಯಿಂದ ಆಚೆ ಬಿದ್ದು ದೋಣಿ ಅಡ್ಡ ನಿಲ್ಲುತ್ತಿದ್ದರೆ ಮೇನನ್ನು ಒಂದು ಮೊಳ ಒಳಗೆ ಎಳೆಯಿರಿ, ಅಥವಾ ಜಿಬ್ ತುಸು ಸಡಿಲಿಸಿ. ಜಿಬ್ ಸುತ್ತುವ ಫರ್ಲರ್ ಇದ್ದವರು ಅರ್ಧ ಸುತ್ತಿಟ್ಟರೆ ಚೆನ್ನ. ಪೂರ್ತಿ ಸುತ್ತಿಬಿಟ್ಟರೆ ಮಾತ್ರ ಮೂತಿಯನ್ನು ತಡೆಯುವವರೇ ಇಲ್ಲದೆ ಹೀವ್ ಟು ಆಗುವುದೇ ಇಲ್ಲ. ಅಲೆ ಇದ್ದರೆ ಸೆಂಟರ್‌ಬೋರ್ಡನ್ನು ಅರ್ಧದಷ್ಟು ಎತ್ತಿ, ಇಲ್ಲದಿದ್ದರೆ ಪಕ್ಕಕ್ಕೆ ಜಾರುವ ದೋಣಿ ಅದಕ್ಕೇ ಎಡವಿ ವಾಲುತ್ತದೆ. ಪ್ರತಿ ದೋಣಿಯ ಹದ ಬೇರೆ. ನಿಮ್ಮ ದೋಣಿಯ ಹದ ಸಿಕ್ಕಿದ ದಿನ ಶೀಟಿನ ಮೇಲೆ ಅಲ್ಲೇ ಒಂದು ಗುರುತು ಹಾಕಿಕೊಳ್ಳಿ. ಜೋಶುವಾ ಸ್ಲೋಕಮ್ 1895ರಿಂದ 1898ರವರೆಗೆ ಒಬ್ಬರೇ ಭೂಮಿ ಸುತ್ತಿದಾಗ ಅವರ ಸ್ಪ್ರೇ ಹಡಗು ಚುಕ್ಕಾಣಿ ಕಟ್ಟಿಟ್ಟರೆ ದಿನಗಟ್ಟಲೆ ತಾನೇ ನಡೆಯುತ್ತಿತ್ತು. ಅದು ಉದ್ದ ತಳದ ಭಾರೀ ಹಡಗು. ನಮ್ಮ ಹಗುರ ದೋಣಿಗಳು ಅಷ್ಟು ಸಾಧುವಲ್ಲ, ನೀವು ಕೂತ ಜಾಗ ಒಂದಡಿ ಬದಲಾದರೂ ಅವಕ್ಕೆ ಗೊತ್ತಾಗುತ್ತದೆ.

ಗಾಳಿ ಬಲಗಡೆಯಿಂದ ಎಂದು ಯಾಕೆ ಹೇಳಿದೆ? ಹಾಯಿದೋಣಿಗಳ ನಡುವಿನ ದಾರಿಯ ನಿಯಮದಲ್ಲಿ ಬಲಗಡೆಯಿಂದ ಗಾಳಿ ಇರುವವರಿಗೆ ಹಕ್ಕು ಹೆಚ್ಚು. ಹಿನ್ನೀರಿನಲ್ಲಿ ಎದುರಿಗೆ ಸಿಗುವುದು ಹಾಯಿದೋಣಿಯಲ್ಲ, ಲಾಂಚ್ ಅಥವಾ ಮೀನಿನವರ ತೆಪ್ಪ. ಅವರಿಗೆ ನಿಮ್ಮ ನಿಯಮ ಯಾಕೆ ಗೊತ್ತಿರಬೇಕು. ಹಸಿರುಮಕ್ಕಿ, ಮುಪ್ಪಾನೆ ಕಡೆ ಲಾಂಚ್ ಓಡಾಡುವ ಸಾಲಿನಲ್ಲಿ ನಿಲ್ಲಿಸಲೇಬೇಡಿ. 2025ರಲ್ಲಿ ಆದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯ ಕಂಬಗಳ ಗಾಳಿ ಮೇಲಿನ ಕಡೆಯಲ್ಲೂ, ಅಂದರೆ ಗಾಳಿ ಬರುವ ಕಡೆಯಲ್ಲೂ, ಬೇಡ, ಜಾರಿಕೊಂಡು ಕಂಬಕ್ಕೇ ಹೋಗುತ್ತೀರಿ. ಅದಕ್ಕಿಂತ ಯಾವ ಬದಿಗೆ ನಿಂತರೆ ಯಾವ ಕಡೆ ಜಾರುತ್ತೇವೆ ಅನ್ನುವುದು ಮುಖ್ಯ. ಪಡುವಣ ಗಾಳಿಯಲ್ಲಿ ಬಲಗಡೆಯಿಂದ ಗಾಳಿ ಬರುವಂತೆ ನಿಂತರೆ ಮೂತಿ ನೈಋತ್ಯಕ್ಕಿರುತ್ತದೆ, ದೋಣಿ ಮೂಡಲಿಗೆ ಜಾರುತ್ತ ತುಸು ತೆಂಕಲಿಗೂ ಒತ್ತುತ್ತದೆ. ಎಡಗಡೆಯಿಂದ ಆದರೆ ಬಡಗಲಿಗೆ ಒತ್ತುತ್ತದೆ. ಯಾವ ಕಡೆ ಬೊಡ್ಡೆ ಇಲ್ಲವೋ ಆ ಬದಿ ಆರಿಸಿಕೊಳ್ಳಿ, ನಿಯಮ ಆಮೇಲೆ.

ನಿಂತಾಯಿತು. ಎರಡೂ ಕೈ ಖಾಲಿ. ಈಗ ರೀಫ್, ಮತ್ತು ಇಲ್ಲಿ ಕ್ರಮ ತಪ್ಪಬಾರದು.

ಮೇನ್‌ಶೀಟ್ ಪೂರ್ತಿ ಬಿಡಿ. ಬೂಮನ್ನು ಕೆಳಕ್ಕೆ ಎಳೆದು ಹಿಡಿದಿರುವ ವ್ಯಾಂಗ್ ಬಿಡಿ. ಇದನ್ನು ಮರೆತವರು ಹ್ಯಾಲ್ಯಾರ್ಡ್ ಯಾಕೆ ಬಿಗಿಯಾಗುತ್ತಿಲ್ಲ ಎಂದು ಕೈ ಕೆಂಪಾಗುವವರೆಗೆ ಎಳೆಯುತ್ತಾರೆ. ಬೂಮಿನ ತುದಿ ಎತ್ತಿಹಿಡಿಯುವ ಟಾಪಿಂಗ್ ಲಿಫ್ಟ್ ಇದ್ದರೆ ಅದನ್ನು ಬಿಗಿ ಮಾಡಿ. ಚಿಕ್ಕ ದೋಣಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಹಾಗಾದರೆ ಬೂಮ್ ತಲೆಯ ಮೇಲೆ ಇಳಿಯುತ್ತದೆ ಎಂಬ ಎಚ್ಚರ ಇರಲಿ. ಹ್ಯಾಲ್ಯಾರ್ಡನ್ನು ಕೆಂಪು ದಾರದ ಗುರುತಿನವರೆಗೆ ಇಳಿಸಿ ಕಟ್ಟಿ. ಮುಂದಿನ ಕಣ್ಣನ್ನು ಕೊಕ್ಕೆಗೆ ಸಿಕ್ಕಿಸಿ. ಮತ್ತೆ ಹ್ಯಾಲ್ಯಾರ್ಡ್ ಎಳೆದು ಕಂಬದ ಗುಂಟ ಹಾಯಿಯಲ್ಲಿ ಮೇಲಿಂದ ಕೆಳಗೆ ಒಂದು ನೆರಿಗೆ ಮೂಡುವಷ್ಟು ಬಿಗಿ ಮಾಡಿ. ಗಾಳಿ ತುಂಬಿದ ಮೇಲೆ ಆ ನೆರಿಗೆ ಹೋಗುತ್ತದೆ. ಇದಾದ ಮೇಲೆಯೇ ಹಿಂದಿನ ಕಣ್ಣಿನ ಹಗ್ಗ. ಅದನ್ನು ಮೊದಲೇ ಎಳೆದರೆ ಹಾಯಿ ಓರೆಯಾಗಿ, ಮುಂದಿನ ಕಣ್ಣು ಕೊಕ್ಕೆಗೆ ನಿಲುಕುವುದಿಲ್ಲ. ಬಲ ಹಾಕಿ ಎಳೆದರೆ ನಡುವಿನ ತೂತಿನಿಂದ ಹರಿಯುತ್ತದೆ. ಹಿಂದಿನ ಕಣ್ಣು ಬೂಮಿಗೆ ತಾಗಿ ಕೂರುವವರೆಗೆ ಎಳೆಯಬೇಕು. ಒಂದು ಬೆರಳು ಸಂದು ಉಳಿದರೂ ಇನ್ನೊಮ್ಮೆ ಎಳೆಯಿರಿ. ಹಾಯಿಯ ಕೆಳ ಅಂಚು ಹಲಗೆಯ ಹಾಗೆ ಚಪ್ಪಟೆ ಆಗಬೇಕು.

ಈ ಹೊತ್ತಿಗೆ ಕೆಲಸ ಮುಗಿದ ಹಾಗೆಯೇ. ಜೋತಾಡುವ ಬಟ್ಟೆ ಅಸಹ್ಯವಾಗಿ ಕಾಣುತ್ತದೆ, ಅಷ್ಟೆ. ವ್ಯಾಂಗ್ ಬಿಗಿ ಮಾಡಿ, ಮೇನ್‌ಶೀಟ್ ಎಳೆದು ಬೂಮನ್ನು ದೋಣಿಯೊಳಗೆ ತಂದುಕೊಂಡ ಮೇಲೆ ಬಟ್ಟೆ ಸುರುಳಿ ಸುತ್ತಿ ಸಣ್ಣ ದಾರಗಳನ್ನು ಕಟ್ಟಿ. ಬೂಮ್ ಹೊರಗಿರುವಾಗಲೇ ಕಟ್ಟಲು ಹೋಗಬೇಡಿ. ದಾರ ಹಾಯಿಯ ಅಡಿಯಿಂದ ಬರಲಿ, ಬೂಮನ್ನು ಸುತ್ತುವುದು ಬೇಡ. ಸಡಿಲವಾಗಿಯೇ ಇರಲಿ, ಅವು ಬಟ್ಟೆ ಹಿಡಿದುಕೊಳ್ಳುವುದಕ್ಕೆ ಮಾತ್ರ. ಭಾರವೆಲ್ಲ ಎರಡು ಕಣ್ಣುಗಳ ಮೇಲಿರಬೇಕು. ದಾರ ಬಿಗಿಯಾದರೆ ಒಂದು ಬೀಸಿಗೆ ತೂತಿನ ಸುತ್ತ ಹಾಯಿ ಸೀಳುತ್ತದೆ. ಗಂಟು ಎಡದ ಮೇಲೆ ಬಲ, ಬಲದ ಮೇಲೆ ಎಡ, ಕೊನೆಗೆ ಶೂ ಲೇಸಿನ ಹಾಗೆ ಒಂದು ಕಿವಿ ಬಿಟ್ಟಿರಬೇಕು. ಒದ್ದೆ ಗಂಟನ್ನು ತಣ್ಣಗಿನ ಬೆರಳಲ್ಲಿ ಬಿಚ್ಚುವಾಗ ಆ ಕಿವಿಯ ಬೆಲೆ ಗೊತ್ತಾಗುತ್ತದೆ.

ಇಷ್ಟನ್ನೂ ದೋಣಿಯ ನಡುವೆ ಮಂಡಿಯೂರಿ ಮಾಡಬೇಕು. ಕಂಬದ ಬುಡಕ್ಕೆ ಹೋಗಿ ನಿಂತರೆ ಮೂತಿ ನೀರಿಗೆ ಕುಸಿದು ದೋಣಿ ಗಾಳಿಯ ಕಡೆ ತಿರುಗಿಬಿಡುತ್ತದೆ, ಹೀವ್ ಟು ಕೆಡುತ್ತದೆ. ಹ್ಯಾಲ್ಯಾರ್ಡ್ ಕ್ಲೀಟ್ ಕಂಬದ ಬುಡದಲ್ಲೇ ಇದ್ದರೆ ಒಂದು ರಾಟೆ ಹಾಕಿ ಎರಡಡಿ ಹಿಂದಕ್ಕೆ ತಂದುಕೊಳ್ಳುವುದು ಅರ್ಧ ದಿನದ ಕೆಲಸ.

ಹೊರಡುವಾಗ ಟಿಲ್ಲರ್ ಬಿಚ್ಚಿ, ಸೆಂಟರ್‌ಬೋರ್ಡ್ ಇಳಿಸಿ, ಗಾಳಿ ಮೇಲಿನ ಬದಿಯ ಜಿಬ್‌ಶೀಟ್ ಬಿಟ್ಟು ಕೆಳಗಿನ ಬದಿಯದನ್ನು ಎಳೆಯಿರಿ, ಟಿಲ್ಲರ್ ನಿಮ್ಮ ಕಡೆಗೆ. ದೋಣಿ ಹೊರಟುಬಿಡುತ್ತದೆ. ಮೇನ್ ಮಾತ್ರ ಮಡಚಿ ಜಿಬ್ ಪೂರ್ತಿ ಇಟ್ಟರೆ ಮೂತಿ ಗಾಳಿಯಿಂದ ಆಚೆ ಎಳೆಯುವುದು ಸಹಜ, ಜಿಬ್ಬನ್ನೂ ಒಂದು ಸುತ್ತು ಸುತ್ತಿ. ರೀಫ್ ಬಿಚ್ಚುವಾಗ ತಿರುವು ಕ್ರಮ: ಮೊದಲು ಸಣ್ಣ ದಾರಗಳೆಲ್ಲ, ಆಮೇಲೆ ಹಿಂದಿನ ಕಣ್ಣು, ಕೊನೆಗೆ ಮುಂದಿನದು, ಆಮೇಲೆ ಹ್ಯಾಲ್ಯಾರ್ಡ್. ದಾರಗಳನ್ನು ಕಟ್ಟುವಾಗಲೂ ಬಿಚ್ಚುವಾಗಲೂ ಬಾಯಿಬಿಟ್ಟು ಎಣಿಸಿ. ಒಂದು ಉಳಿದಿದ್ದು ಹ್ಯಾಲ್ಯಾರ್ಡ್ ಎಳೆದರೆ ಹಾಯಿ ಅಲ್ಲಿಂದಲೇ ಹರಿಯುತ್ತದೆ.

ಲೇಸರ್‌ನಂಥ ಒಂದೇ ಹಾಯಿಯ ದೋಣಿಯವರಿಗೆ ಜಿಬ್ ಇಲ್ಲ, ನಿಜವಾದ ಹೀವ್ ಟು ಇಲ್ಲ. ಅವರು ಗಾಳಿಯನ್ನು ಪಕ್ಕಕ್ಕಿಂತ ತುಸು ಮುಂದೆ ಇಟ್ಟುಕೊಂಡು ಶೀಟ್ ಪೂರ್ತಿ ಬಿಟ್ಟು ನಿಲ್ಲಬಹುದು, ಆದರೆ ಒಂದು ಕೈ ಟಿಲ್ಲರಿನಲ್ಲೇ ಇರಬೇಕು. ರೀಫ್ ಹಾಕುವುದು ಹಾಯಿಯನ್ನು ಕಂಬಕ್ಕೇ ಒಂದೆರಡು ಸುತ್ತು ಸುತ್ತಿ. ಅದನ್ನು ದಡದಲ್ಲೇ ಮಾಡಿಕೊಳ್ಳಿ.

ನಿಲ್ಲಿಸಲು ಜಾಗವೇ ಇಲ್ಲದಾಗ ಲಂಗರು. ಬೊಡ್ಡೆಗಳ ನಡುವೆ ಲಂಗರು ಬಿಟ್ಟರೆ ಮರದ ಬೇರಿಗೆ ಸಿಕ್ಕಿ ಮೇಲೆ ಬರುವುದಿಲ್ಲ. ಲಂಗರಿನ ಹಿಂದಿನ ತುದಿಗೆ ಇನ್ನೊಂದು ತೆಳು ಹಗ್ಗ ಕಟ್ಟಿ, ಅದರ ಮೇಲ್ತುದಿಗೆ ಐದು ಲೀಟರಿನ ಖಾಲಿ ಕ್ಯಾನ್ ತೇಲಿಬಿಡಿ. ಸಿಕ್ಕಿಕೊಂಡರೆ ಆ ಹಗ್ಗ ಹಿಡಿದು ಹಿಂದುಮುಂದಾಗಿ ಎಳೆದರೆ ಬಿಡಿಸಿಕೊಳ್ಳುತ್ತದೆ. ಮೀನಿನವರ ಬಲೆಗೂ ಪ್ಲಾಸ್ಟಿಕ್ ಬಾಟಲಿ, ಥರ್ಮಾಕೋಲೇ ತೇಲುಗುಂಡು. ಸಾಲಾಗಿ ಕಂಡರೆ ಅದು ಬಲೆ, ಸುತ್ತಿ ಹೋಗಿ. ದಾಟಲೇಬೇಕಾದರೆ ಸೆಂಟರ್‌ಬೋರ್ಡ್ ಪೂರ್ತಿ ಎತ್ತಿ. ಭದ್ರಾ ಹಿನ್ನೀರಿನಲ್ಲಿ ಹೋಗುವವರು ಬೇಸಿಗೆಯಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುವ ನಡುಗಡ್ಡೆಗಳ ಗಾಳಿ ಮೇಲಿನ ಕಡೆ ನಿಲ್ಲಿಸಬೇಡಿ, ಜಾರಿ ಹೋಗಿ ಸೇರುವುದು ಅವುಗಳ ಗೂಡಿಗೆ.

ಇನ್ನು ಭರಣಿ, ಕೃತ್ತಿಕೆ ಮಳೆಯ ದಿನಗಳು. ಏಪ್ರಿಲ್ ಕೊನೆಯಿಂದ ಮೇ ಮುಗಿಯುವವರೆಗೆ ಮಧ್ಯಾಹ್ನ ಮೂರರ ಮೇಲೆ ಮೋಡ ಕಟ್ಟಿದರೆ ಲೆಕ್ಕವೇ ಬೇರೆ. ಮಳೆಗಿಂತ ಮೊದಲು ತಣ್ಣನೆ ಗಾಳಿ ನುಗ್ಗುತ್ತದೆ, ಮಣ್ಣಿನ ವಾಸನೆ ಹೊತ್ತು, ಅದುವರೆಗೆ ಇದ್ದ ದಿಕ್ಕು ಬಿಟ್ಟು ಬೇರೆ ದಿಕ್ಕಿನಿಂದ. ಆ ವಾಸನೆ ಬಂದ ಮೇಲೆ ಕೈಯಲ್ಲಿರುವುದು ಕೆಲವೇ ನಿಮಿಷ. ಆಗ ರೀಫ್ ಗೀಫ್ ಎನ್ನುತ್ತ ಕೂರಬೇಡಿ. ಮೇನ್ ಪೂರ್ತಿ ಇಳಿಸಿ, ಹಗ್ಗದಿಂದ ಬೂಮಿಗೆ ಸುತ್ತಿ ಕಟ್ಟಿ, ಜಿಬ್ ಒಂದರಲ್ಲೇ ಗಾಳಿ ಹೋಗುವ ಕಡೆಯ ಹತ್ತಿರದ ಮಣ್ಣಿನ ದಡಕ್ಕೆ ಹೋಗಿ ಏರಿಸಿ. ನೀರು ಇಳಿದ ಕಾಲದಲ್ಲಿ ಆ ದಡ ಹೂಳು, ದೋಣಿಗೆ ಏಟಾಗುವುದಿಲ್ಲ, ನಿಮ್ಮ ಕಾಲು ಮೊಣಕಾಲುಮಟ್ಟ ಹೂತರೂ. ಗುಡುಗು ಕೇಳಿದರೆ ಅಲ್ಯೂಮಿನಿಯಂ ಕಂಬದ ಕೆಳಗೆ ಕೂತು ಹೀವ್ ಟು ಮಾಡುವುದು ಮೂರ್ಖತನ. ದಡ ಸೇರಿದ ಮೇಲೆ ದೋಣಿಯಿಂದ ದೂರ ಹೋಗಿ, ಒಂಟಿ ಮರದ ಬುಡ ಬೇಡ. ಲೈಫ್ ಜಾಕೆಟ್ ದಡ ಹತ್ತುವವರೆಗೆ ಬಿಚ್ಚಬೇಡಿ. ಆಳ ಕಮ್ಮಿ ಇರುವಲ್ಲಿ ದೋಣಿ ಮಗುಚಿದರೆ ಕಂಬದ ತುದಿ ಹೂಳಿಗೆ ನೆಟ್ಟುಕೊಂಡು ಒಬ್ಬರಿಂದ ಎತ್ತಲಾಗುವುದಿಲ್ಲ. ಕಂಬದ ತುದಿಗೆ ಗಾಳಿ ತುಂಬಿದ ಒಂದು ತೇಲುಬುರುಡೆ ಕಟ್ಟಿಡುವುದು ಇದಕ್ಕೇ.

ಅಭ್ಯಾಸಕ್ಕೆ ಹೊನ್ನೆಮರಡಿನಂಥ ಜಾಗದಲ್ಲಿ ದಡದ ಮೇಲೆಯೇ ದೋಣಿಯ ಮೂತಿಯನ್ನು ಗಾಳಿಗೆ ಇಟ್ಟು, ಗಡಿಯಾರ ಹಿಡಿದು ಹತ್ತು ಸಲ ರೀಫ್ ಹಾಕಿ ಬಿಚ್ಚಿ. ಮೊದಲ ಸಲ ಹದಿನೈದು ನಿಮಿಷ ಹಿಡಿಯುತ್ತದೆ. ನಾಲ್ಕಕ್ಕೆ ಇಳಿದ ಮೇಲೆ ಕಣ್ಣು ಮುಚ್ಚಿ ಮಾಡಿ. ಆಮೇಲೆ ಬೆಳಗಿನ ಮೆಲುಗಾಳಿಯಲ್ಲಿ ನೀರಿಗಿಳಿದು ಹೀವ್ ಟು ಮಾಡಿ, ದಡದ ಒಂದು ಮರಕ್ಕೆ ಗುರಿಯಿಟ್ಟು ಐದು ನಿಮಿಷದಲ್ಲಿ ಎಷ್ಟು ಜಾರಿದಿರಿ ಎಂದು ಅಳೆಯಿರಿ. ಮೇಲೆ ಹೇಳಿದ ನಿಮಿಷಕ್ಕೆ ಮೂವತ್ತು ಮೀಟ‍ರ್ ಅಂದಾಜು. ನಿಮ್ಮ ದೋಣಿಯದು ಇಪ್ಪತ್ತೂ ಇರಬಹುದು, ನಲವತ್ತೂ ಇರಬಹುದು. ಮೆಲುಗಾಳಿಯಲ್ಲಿ ಸಿಕ್ಕ ಅಂಕಿ ಜೋರು ಗಾಳಿಗೆ ಸಾಲದು, ಗಾಳಿ ಏರಿದ ದಿನ ಇನ್ನೊಮ್ಮೆ ಅಳೆದು ದೊಡ್ಡದನ್ನೇ ಬೂಮಿನ ಮೇಲೆ ಮಾರ್ಕರಿನಲ್ಲಿ ಬರೆದಿಡಿ.